ನೋವರಿಯದ ಬಲಗೈ

ಆಟದಲ್ಲಿ ಮಕ್ಕಳು ಒಬ್ಬರನ್ನೊಬ್ಬರು ಚಿವುಟುವುದು ಎಲ್ಲ ಕಾಲದಲ್ಲೂ ಇದ್ದದ್ದೇ. 1170ರ ಸುಮಾರಿಗೆ ಜೆರುಸಲೇಮಿನಲ್ಲಿ ಅರಸು ಮನೆತನದ ಹುಡುಗರೂ ಹಾಗೆ ಉಗುರಿನಿಂದ ತೋಳು ಗೀರಿ ಆಡುತ್ತಿದ್ದರು. ಉಳಿದವರು ಕಿರುಚಿದರೆ, ಒಂಬತ್ತು ವರ್ಷದ ರಾಜಕುಮಾರ ಬಾಲ್ಡ್‌ವಿನ್ ಮಾತ್ರ ಸುಮ್ಮನಿರುತ್ತಿದ್ದ. ಅದು ತಾಳ್ಮೆಯೆಂದೇ ಅವನ ಗುರು, ಮುಂದೆ ಟೈರ್ ನಗರದ ಮಹಾಧರ್ಮಾಧ್ಯಕ್ಷರಾದ ವಿಲಿಯಂ, ಮೊದಲು ಭಾವಿಸಿದರು. ಪರೀಕ್ಷಿಸಿ ನೋಡಿದರೆ ಹುಡುಗನ ಬಲಗೈಯಲ್ಲಿ ಅರ್ಧದಷ್ಟು ಸ್ಪರ್ಶಜ್ಞಾನವೇ ಇರಲಿಲ್ಲ. ಚರ್ಮವನ್ನೂ ನರಗಳನ್ನೂ ತಿನ್ನುವ ಕುಷ್ಠರೋಗದ ಆರಂಭವದು. ಎಣ್ಣೆ, ಮದ್ದು ಯಾವುದೂ ಫಲಿಸಲಿಲ್ಲ. ಇಂದಾಗಿದ್ದರೆ ಬಹುಔಷಧ ಚಿಕಿತ್ಸೆಯಿಂದ ಆ ಮಗು ಗುಣವಾಗುತ್ತಿತ್ತು.

1174ರಲ್ಲಿ ತಂದೆ ಅಮಾಲ್ರಿಕ್ ತೀರಿಕೊಂಡು, ಹದಿಮೂರರ ಹುಡುಗನಿಗೆ ಕಿರೀಟ ಬಂತು. ಕುಷ್ಠ ತಗಲಿದ ಯೋಧರಿಗೆ ಆ ನಾಡಿನಲ್ಲಿ ಸಂತ ಲಾಜರರ ಸಭೆಯ ಆಶ್ರಯವಿತ್ತು. ದೊರೆಗೆ ಆ ದಾರಿಯೂ ಇರಲಿಲ್ಲ. 1177ರ ನವೆಂಬರ್ 25ರಂದು ಮೊಂಜಿಸಾರ್ ಎಂಬಲ್ಲಿ ಅವನ ಸೈನ್ಯ ಸಲಾದೀನನನ್ನು ಸೋಲಿಸಿತು. ಶಿಲುಬೆಯ ಹೆಸರಿನಲ್ಲಿ ನಡೆದ ಆ ಯುದ್ಧಗಳನ್ನು ಹೊಗಳಲು ನನಗೆ ಮನಸ್ಸಿಲ್ಲ. ರೋಗವು ಅವನಿಂದ ಏನೇನು ಕಿತ್ತುಕೊಂಡಿತು ಎಂಬುದೇ ನನ್ನನ್ನು ಕಾಡುತ್ತದೆ.

ಮೊದಲು ಹೋದದ್ದು ಮದುವೆ. (ಇದನ್ನು ಹಳೆಯ ಕಥೆಯೆನ್ನಬೇಡಿ. ಕುಷ್ಠರೋಗವನ್ನು ವಿಚ್ಛೇದನಕ್ಕೆ ಕಾರಣಗಳ ಪಟ್ಟಿಯಿಂದ ನಮ್ಮ ದೇಶದ ಕಾನೂನು ತೆಗೆದುಹಾಕಿದ್ದು 2019ರಲ್ಲಿ.) ತನಗೆ ಮಕ್ಕಳಾಗುವಂತಿಲ್ಲವಾದ್ದರಿಂದ ರಾಜ್ಯದ ನಾಳೆಯೆಲ್ಲ ಅಕ್ಕ ಸಿಬಿಲ್ಲಳ ಮದುವೆಯನ್ನೇ ನಂಬಿ ನಿಂತಿತು. ಅವಳ ಮೊದಲ ಗಂಡ ಕೆಲವೇ ತಿಂಗಳಲ್ಲಿ ಸತ್ತ. 1180ರಲ್ಲಿ ಲುಸಿನ್ಯಾನಿನ ಗೀ ಅವಳ ಕೈಹಿಡಿದ.

ಆಮೇಲೆ ಕೈಕಾಲುಗಳ ಸರದಿ. 1179ರ ಕಾಳಗದಲ್ಲಿ ಕುದುರೆಯಿಂದ ಬಿದ್ದವನಿಗೆ ಮತ್ತೆ ಹತ್ತಲಾಗಲಿಲ್ಲ, ಯೋಧನೊಬ್ಬ ಹೊತ್ತು ತಂದ. 1183ರ ವೇಳೆಗೆ ಕಣ್ಣೂ ಹೋಯಿತು.

ಇಷ್ಟಾದರೂ ವಿಶ್ರಾಂತಿ ಸಿಕ್ಕಲಿಲ್ಲ. ಭಾರ ಇಳಿಸಲು ಅವನು ಪ್ರಯತ್ನಿಸದೆ ಇರಲಿಲ್ಲ. 1177ರಲ್ಲೇ ಫ್ಲಾಂಡರ್ಸಿನ ಫಿಲಿಪ್‌ಗೆ ಆಡಳಿತ ವಹಿಸಿಕೊಳ್ಳೆಂದು ಕೇಳಿದ, ಆತ ಒಪ್ಪಲಿಲ್ಲ. 1183ರಲ್ಲಿ ಭಾವ ಗೀಗೆ ವಹಿಸಿದ; ಅವನಿಂದ ಆಗದೆ ಅದೇ ವರ್ಷ ಹಿಂದಕ್ಕೆ ಪಡೆಯಬೇಕಾಯಿತು. ಕೂಡಲೇ ಕೆರಾಕ್ ಕೋಟೆಗೆ ಮುತ್ತಿಗೆ ಬಿದ್ದ ಸುದ್ದಿ ಬಂತು. ಕುರುಡ ದೊರೆ ಡೋಲಿಯಲ್ಲಿ ಮಲಗಿಯೇ ಸೈನ್ಯದೊಡನೆ ಹೊರಟ. ಅದು ಸಮೀಪಿಸುತ್ತಿದ್ದಂತೆ ಸಲಾದೀನ್ ಮುತ್ತಿಗೆ ತೆಗೆದ.

1185ರಲ್ಲಿ, ಇನ್ನೂ 24 ತುಂಬುವ ಮುನ್ನ, ಅವನು ಪ್ರಾಣಬಿಟ್ಟ. ಪವಿತ್ರ ಸಮಾಧಿಯ ದೇವಾಲಯದಲ್ಲಿ ತಂದೆಯ ಬಳಿ ಮಣ್ಣು ಮಾಡಿದರು. ಕಿರೀಟ ಅಕ್ಕನ ಮಗನ ಪಾಲಾಯಿತು. ಆ ಹುಡುಗನಿಗೆ ಆಗ ಏಳೆಂಟು ವರ್ಷ.