ಆರ್ಲ್ಯಾಂಡೊ ಪೋ: ಸರೋವರಕ್ಕೆ ದೀಪ ಹಚ್ಚಿದ ಇಂಜಿನಿಯರ್

ಸರೋವರಕ್ಕೆ ಲೈಟ್‌ಹೌಸ್ ಯಾಕೆ ಬೇಕು ಅಂತ ನಿಮಗೂ ಅನ್ನಿಸಬಹುದು. ನಮಗೆ ಗೊತ್ತಿರೋದು ಕೆರೆ ಅಷ್ಟೇ ತಾನೆ! ಆದ್ರೆ ಅಮೆರಿಕದ ಮಹಾಸರೋವರಗಳಲ್ಲಿ ನಿಂತರೆ ಆಚೆ ದಡ ಕಾಣಲ್ಲ. ಬಿರುಗಾಳಿ ಬಂದ್ರೆ ಹಡಗುಗಳೇ ಮುಳುಗುತ್ತವೆ.

ಅಲ್ಲಿ ದೀಪಸ್ತಂಭಗಳನ್ನು ಕಟ್ಟಿದವರಲ್ಲಿ ದೊಡ್ಡ ಹೆಸರು ಆರ್ಲ್ಯಾಂಡೊ ಪೋ. 1832ರಲ್ಲಿ ಒಹಾಯೋದಲ್ಲಿ ಹುಟ್ಟಿ, 1856ರಲ್ಲಿ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯಿಂದ ಪಾಸಾದರು. ಅಂತರ್ಯುದ್ಧದಲ್ಲಿ ಬ್ರಿಗೇಡಿಯರ್ ಜನರಲ್ ಆದ್ರೂ ಸೆನೆಟ್ ಒಪ್ಪಿಗೆ ಸಿಗದೆ ಮತ್ತೆ ಕ್ಯಾಪ್ಟನ್ ಆಗಬೇಕಾಯ್ತು. ಬೇರೆಯವರಾಗಿದ್ರೆ ರಾಜೀನಾಮೆ ಕೊಟ್ಟು ಮನೆಗೆ ಹೋಗ್ತಿದ್ರೇನೋ. ಇವರು ಕೆಲಸ ಬಿಡಲಿಲ್ಲ. 1864ರಲ್ಲಿ ಜನರಲ್ ಶರ್ಮನ್‌ರ ಮುಖ್ಯ ಇಂಜಿನಿಯರ್ ಆಗಿ ಅಟ್ಲಾಂಟಾದಲ್ಲಿ ಶತ್ರುಸೈನ್ಯಕ್ಕೆ ಉಪಯೋಗ ಆಗುವಂಥದ್ದನ್ನೆಲ್ಲ ನಾಶ ಮಾಡಿಸಿದ್ದೂ ಇವರೇ.

ಯುದ್ಧ ಮುಗಿದ ಮೇಲೆ ಅದೇ ಮನುಷ್ಯ ಕಟ್ಟೋಕೆ ಶುರು ಮಾಡಿದ್ರು. 1870ರಿಂದ ಮಹಾಸರೋವರಗಳ ದೀಪಸ್ತಂಭಗಳು ಅವರ ಕೈಗೆ ಬಂದವು. ಎತ್ತರದ, ಮೇಲೆ ಹೋದಂತೆ ಸಣ್ಣದಾಗುವ, ದೀಪದ ಕೆಳಗೆ ಕೆತ್ತನೆಯಂಥ ಬ್ರ್ಯಾಕೆಟ್‌ಗಳಿರುವ ಗೋಪುರ ಅಂದ್ರೆ ಪೋ ಶೈಲಿ. ಗ್ರೋಸ್ ಪಾಯಿಂಟ್, ಲಿಟಲ್ ಸೇಬಲ್, ಔ ಸೇಬಲ್ ಎಲ್ಲ ಹೀಗೇ. ಔ ಸೇಬಲ್‌ಗೆ ಈಗಲೂ ಜನ ದಡದ ಕಾಡಿನಲ್ಲಿ ಸುಮಾರು ಒಂದೂವರೆ ಮೈಲಿ ನಡೆದೇ ಹೋಗ್ತಾರೆ.

ನನಗೆ ಮಾತ್ರ ಸ್ಪೆಕ್ಟಕಲ್ ರೀಫ್ ಇಷ್ಟ. ಹ್ಯೂರಾನ್ ಸರೋವರದಲ್ಲಿ, ದಡದಿಂದ ಮೈಲಿಗಟ್ಟಲೆ ದೂರ, ನೀರಿನಡಿ ಅಡಗಿರೋ ಬಂಡೆ ಅದು. ಅಲ್ಲಿ ಸಮಸ್ಯೆ ಅಲೆಗಿಂತ ಮಂಜುಗಡ್ಡೆಯದು. ಚಳಿಗಾಲ ಮುಗಿದಾಗ ಮೈಲಿಗಟ್ಟಲೆ ಅಗಲದ ಐಸ್ ಹಾಳೆ ತೇಲಿ ಬಂದು ಗುದ್ದುತ್ತೆ. ಪೋ ಮರದ ದೊಡ್ಡ ಚೌಕಟ್ಟನ್ನು ಬೇರೆ ಕಡೆ ಕಟ್ಟಿಸಿ, ತೇಲಿಸಿಕೊಂಡು ತಂದು ಬಂಡೆ ಮೇಲೆ ಕೂರಿಸಿದ್ರು. ಒಳಗೆ ಕಾಫರ್‌ಡ್ಯಾಮ್ ಹಾಕಿ ನೀರು ಪಂಪ್ ಮಾಡಿ, ಬಂಡೆಗೇ ಬೋಲ್ಟ್ ಹೊಡೆದು, ಒಂದಕ್ಕೊಂದು ಕಚ್ಚಿಕೊಳ್ಳುವ ಸುಣ್ಣಕಲ್ಲುಗಳಿಂದ ಗೋಪುರ ಎಬ್ಬಿಸೋ ಪ್ಲಾನ್. ಮೊದಲ 34 ಅಡಿ ಒಳಗೆ ಟೊಳ್ಳೇ ಇಲ್ಲ, ಪೂರ್ತಿ ಕಲ್ಲು. ನಡುವೆ 1873ರಲ್ಲಿ ಶರ್ಮನ್ ಇವರನ್ನು ವಾಪಸ್ ಕರೆಸಿಕೊಂಡಿದ್ರಿಂದ ಮುಗಿಸಿದ್ದು ಗಾಡ್‌ಫ್ರೆ ವೈಟ್ಸೆಲ್. 1874ರ ವಸಂತದಲ್ಲಿ ಕೆಲಸಗಾರರು ಹೋಗಿ ನೋಡಿದ್ರೆ ಗೋಪುರಕ್ಕೆ ಒರಗಿಕೊಂಡು 30 ಅಡಿ ಎತ್ತರ ಐಸ್! ಕಡಿದು ದಾರಿ ಮಾಡಿಕೊಂಡೇ ಬಾಗಿಲು ತಲುಪಿದ್ರು. ಗೋಪುರ ಅಲ್ಲಾಡಿರಲಿಲ್ಲ.

1883ರಲ್ಲಿ ಪೋ ಸರೋವರಗಳಿಗೆ ಮರಳಿ ಬಂದ್ರು. ಸೂಪೀರಿಯರ್ ಮತ್ತು ಹ್ಯೂರಾನ್ ನಡುವೆ ನೀರಿನ ಮಟ್ಟ ಬೇರೆ ಬೇರೆ. ಹಡಗು ಏರಿಳಿಯೋಕೆ ಸೂ ಎಂಬಲ್ಲಿ 800 ಅಡಿ ಉದ್ದದ ಲಾಕ್ ಕಟ್ಟಿಸ್ತಿದ್ರು. ಅಲ್ಲೇ ಆದ ಗಾಯ ನಂಜಾಗಿ 1895ರ ಅಕ್ಟೋಬರ್ 2ರಂದು ಡೆಟ್ರಾಯಿಟ್‌ನಲ್ಲಿ ತೀರಿಕೊಂಡ್ರು. ಲಾಕ್ ತೆರೆದದ್ದು ಮರುವರ್ಷ, ಅವರದೇ ಹೆಸರಲ್ಲಿ. 1968ರಲ್ಲಿ ಅದೇ ಜಾಗದಲ್ಲಿ 1200 ಅಡಿಯ ಹೊಸ ಲಾಕ್ ಬಂತು, ಹೆಸರು ಬದಲಾಗಲಿಲ್ಲ. ಸಾವಿರ ಅಡಿಯ ಅದಿರು ಹಡಗುಗಳು ಇವತ್ತಿಗೂ ಪೋ ಲಾಕ್‌ನಲ್ಲೇ ಇಳಿದು ಹೋಗುತ್ತವೆ.