ಅಣ್ಣಂದಿರು ಓದಿಸಿದ ಹುಡುಗ: ರಸಾಯನ ವಿಜ್ಞಾನಿ ಪಾಲ್ ವಾಲ್ಡೆನ್



ನಿಮ್ಮ ಮನೆಯಲ್ಲಿ ಬಿ.ಎಸ್ಸಿ. ರಸಾಯನಶಾಸ್ತ್ರ ಓದುವ ಮಗನೋ ಮಗಳೋ ಇದ್ದರೆ ‘ವಾಲ್ಡೆನ್ ಇನ್ವರ್ಷನ್’ ಎಂದರೇನು ಎಂದು ಕೇಳಿ ನೋಡಿ. ಪರೀಕ್ಷೆಗೆ ಓದಿದ ಪಾಠ, ಥಟ್ಟನೆ ಉತ್ತರ ಬರಬಹುದು. ಆದರೆ ಆ ವಾಲ್ಡೆನ್ ಯಾರು, ಅವರನ್ನು ಓದಿಸಿದವರು ಯಾರು ಎಂದು ಕೇಳಿದರೆ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ನಾವೆಲ್ಲರೂ ತಿಳಿದಿರಬೇಕಾದ ಬದುಕು ಅದು.

ಪಾಲ್ ವಾಲ್ಡೆನ್ ಹುಟ್ಟಿದ್ದು 1863ರ ಜುಲೈ 26ರಂದು, ಇಂದಿನ ಲಾಟ್ವಿಯಾ ದೇಶದ ಒಂದು ಹಳ್ಳಿಯಲ್ಲಿ. ಆಗ ಆ ಪ್ರದೇಶ ರಷ್ಯಾ ಸಾಮ್ರಾಜ್ಯಕ್ಕೆ ಸೇರಿತ್ತು. ದೊಡ್ಡ ರೈತ ಕುಟುಂಬ. ಬಾಲಕನಿಗೆ ನಾಲ್ಕು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. 1873ರಲ್ಲಿ ತಾಯಿಯೂ ಹೋದರು. ಯತೀಮನಾದ ಹುಡುಗನ ಓದು ಅಲ್ಲಿಗೇ ನಿಂತುಹೋಗಬಹುದಿತ್ತು. ಆದರೆ ರೀಗಾ ನಗರದಲ್ಲಿ ಇಬ್ಬರು ಅಣ್ಣಂದಿರಿದ್ದರು. ಒಬ್ಬರು ವ್ಯಾಪಾರಿ, ಇನ್ನೊಬ್ಬರು ಸೈನ್ಯದಲ್ಲಿ ಅಧಿಕಾರಿ. ಅವರು ತಮ್ಮನ ಓದಿನ ಖರ್ಚು ಹೊತ್ತರು. ತಮ್ಮನೂ ಅವರ ಭರವಸೆ ಉಳಿಸಿಕೊಂಡ. 1882ರಲ್ಲಿ ರೀಗಾದ ಪಾಲಿಟೆಕ್ನಿಕ್ ಸೇರಿದ. ಅಲ್ಲಿ ವಿಲ್ಹೆಲ್ಮ್ ಓಸ್ಟ್‌ವಾಲ್ಡ್‌ರಂಥ ಗುರು ಸಿಕ್ಕರು. 1891ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಡಾಕ್ಟರೇಟ್ ಪದವಿ ಬಂತು. 1902ರಲ್ಲಿ ವಾಲ್ಡೆನ್ ತಾವು ಕಲಿತ ಸಂಸ್ಥೆಗೇ ಮುಖ್ಯಸ್ಥರಾದರು.

ಇನ್ನು ಅವರು ಕಂಡುಹಿಡಿದದ್ದೇನು ಎಂದು ನೋಡೋಣ. ಕೆಲವು ಅಣುಗಳಿಗೆ ಎರಡು ರೂಪಗಳಿರುತ್ತವೆ. ಎಡಗಾಲಿನ ಚಪ್ಪಲಿ ಮತ್ತು ಬಲಗಾಲಿನ ಚಪ್ಪಲಿ ಇದ್ದ ಹಾಗೆ. ಅಳತೆ ಒಂದೇ, ಆದರೆ ಒಂದರ ಜಾಗಕ್ಕೆ ಇನ್ನೊಂದು ಹೊಂದುವುದಿಲ್ಲ. ಸೇಬಿನಲ್ಲಿರುವ ಮ್ಯಾಲಿಕ್ ಆಮ್ಲ ಅಂಥದ್ದು. 1896ರಲ್ಲಿ ವಾಲ್ಡೆನ್ ಈ ಆಮ್ಲದ ಒಂದು ರೂಪವನ್ನು ತೆಗೆದುಕೊಂಡು ಬೇರೊಂದು ವಸ್ತುವನ್ನಾಗಿ ಮಾಡಿ, ಮತ್ತೆ ಮ್ಯಾಲಿಕ್ ಆಮ್ಲವನ್ನಾಗಿ ಮಾಡಿದರು. ಕೊನೆಯಲ್ಲಿ ಸಿಕ್ಕಿದ್ದು ಅದರ ವಿರುದ್ಧ ರೂಪ! ಗಾಳಿಗೆ ಕೊಡೆ ಮಗುಚಿಕೊಂಡಂತೆ ಅಣು ಮಗುಚಿಕೊಂಡಿತ್ತು. ಇದರ ಕಾರಣವನ್ನು ಹ್ಯೂಸ್ ಮತ್ತು ಇಂಗೋಲ್ಡ್ ಎಂಬ ವಿಜ್ಞಾನಿಗಳು ಲಂಡನ್ನಿನಲ್ಲಿ ಬಿಡಿಸಿ ಹೇಳಿದ್ದು 1930ರ ದಶಕದಲ್ಲಿ. ಔಷಧಿಯ ಅಣುವಿನ ಒಂದು ರೂಪ ಗುಣ ಮಾಡಿ, ಇನ್ನೊಂದು ಕೆಲಸಕ್ಕೆ ಬಾರದೆ ಹೋಗಬಹುದು ಅಥವಾ ಕೆಡುಕನ್ನೇ ಮಾಡಬಹುದು. ಆದುದರಿಂದ ಔಷಧಿ ತಯಾರಿಸುವವರಿಗೆ ಈ ಜ್ಞಾನ ಬೇಕೇ ಬೇಕು.

ಅವರ ಎರಡನೆಯ ದೊಡ್ಡ ಕೆಲಸ 1914ರದ್ದು. ಅಡುಗೆ ಉಪ್ಪು ಕರಗಿ ದ್ರವವಾಗಲು ಸುಮಾರು 800 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಅಷ್ಟು ಬಿಸಿಯಲ್ಲಿ ಪ್ರಯೋಗ ಮಾಡುವುದು ಕಷ್ಟ. ಕಡಿಮೆ ಶಾಖದಲ್ಲೇ ಕರಗುವ ಲವಣಗಳಿಗಾಗಿ ವಾಲ್ಡೆನ್ ಹುಡುಕಿದರು. ಈಥೈಲ್ ಅಮೋನಿಯಂ ನೈಟ್ರೇಟ್ ಎಂಬ ಲವಣ ಕೇವಲ 12 ಡಿಗ್ರಿಯಲ್ಲಿ ಕರಗುತ್ತದೆ ಎಂದು ತೋರಿಸಿದರು. ಅಂದರೆ ನಮ್ಮ ಕೋಣೆಯ ಬಿಸಿಯಲ್ಲೇ ಅದು ದ್ರವ! ಇಂಥವುಗಳನ್ನು ಈಗ ‘ಅಯಾನಿಕ್ ದ್ರವ’ಗಳು ಎನ್ನುತ್ತಾರೆ.

ಆಗ ಅದನ್ನು ಗಮನಿಸಿದವರು ಕಡಿಮೆ. ಅದೇ ವರ್ಷ ಮಹಾಯುದ್ಧ ಶುರುವಾಯಿತು. ಅವರ ಕಾಲೇಜು ಮಾಸ್ಕೋಗೆ ಸ್ಥಳಾಂತರವಾಯಿತು. ಕ್ರಾಂತಿಯ ಬಳಿಕ, 1919ರಲ್ಲಿ, ವಾಲ್ಡೆನ್ ಜರ್ಮನಿಯ ರಾಸ್ಟಾಕ್ ನಗರ ಸೇರಿ ಮತ್ತೆ ಪಾಠ ಹೇಳತೊಡಗಿದರು. 1942ರಲ್ಲಿ ಬಾಂಬು ಬಿದ್ದು ಅವರ ಮನೆ, ಜೀವಮಾನವಿಡೀ ಕೂಡಿಟ್ಟ ಗ್ರಂಥಗಳು ಎಲ್ಲವೂ ನಾಶವಾದವು. ಆಗ ಅವರಿಗೆ ಎಪ್ಪತ್ತೆಂಟು ವರ್ಷ. ಯುದ್ಧ ಮುಗಿದಾಗ ವರಮಾನವೂ ಇರಲಿಲ್ಲ. ಸಹ ವಿಜ್ಞಾನಿಗಳು ಒದಗಿಸಿದ ಅಲ್ಪ ಪಿಂಚಣಿಯಲ್ಲಿ ದಿನ ಕಳೆಯುತ್ತಾ ಉಪನ್ಯಾಸ ಕೊಟ್ಟರು, ರಸಾಯನಶಾಸ್ತ್ರದ ಇತಿಹಾಸ ಬರೆದರು. 1957ರ ಜನವರಿ 22ರಂದು, ತೊಂಬತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡರು.

ಆದರೆ ಅವರ ಕೆಲಸ ಸಾಯಲಿಲ್ಲ. 1992ರಲ್ಲಿ ಗಾಳಿ, ನೀರು ತಾಗಿದರೂ ಕೆಡದ ಅಯಾನಿಕ್ ದ್ರವಗಳು ಬಂದ ಮೇಲೆ ಜಗತ್ತು ಮತ್ತೆ ಅವರತ್ತ ತಿರುಗಿತು. ಈ ದ್ರವಗಳು ಪೆಟ್ರೋಲಿನಂತೆ ಸುಲಭದಲ್ಲಿ ಆವಿಯಾಗಿ ಹೋಗುವುದಿಲ್ಲ. ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವೇಗವರ್ಧಕವನ್ನು ಇವುಗಳಲ್ಲಿ ಕರಗಿಸಿಟ್ಟು, ತಯಾರಾದ ವಸ್ತುವನ್ನು ಬೇರ್ಪಡಿಸಿ, ಅದೇ ವೇಗವರ್ಧಕವನ್ನು ಮತ್ತೆ ಬಳಸಬಹುದು. ಇವೆಲ್ಲವೂ ನಿರಪಾಯಕಾರಿ ಎಂದಲ್ಲ, ಕೆಲವು ವಿಷಕಾರಿಯೂ ಹೌದು. ಆದರೂ ಕಾರ್ಖಾನೆಗಳ ಹೊಗೆ ಮತ್ತು ಕಸ ಕಡಿಮೆ ಮಾಡುವ ದಾರಿಗಳಲ್ಲಿ ಇದೂ ಒಂದು.

ಪ್ರಿಯ ವಿದ್ಯಾರ್ಥಿಗಳೇ, ಬಾಂಬು ಪುಸ್ತಕಗಳನ್ನು ಸುಟ್ಟಿತು. ಪ್ರಾಮಾಣಿಕವಾಗಿ ಮಾಡಿ ದಾಖಲಿಸಿಟ್ಟ ಕೆಲಸವನ್ನು ಸುಡಲಾಗಲಿಲ್ಲ. ಅದರ ಬೆಲೆ ತಿಳಿಯಲು ಎಂಬತ್ತು ವರ್ಷ ಹಿಡಿಯಿತು, ಅಷ್ಟೆ. ಇಂದು ಫಲ ಕಾಣಲಿಲ್ಲವೆಂದು ಕಲಿಕೆಯನ್ನು ಕೈಬಿಡಬೇಡಿ.

ಹಿರಿಯರೇ, ನಿಮಗೂ ಒಂದು ಮಾತು. ವಾಲ್ಡೆನ್ ಹೆಸರು ಪಾಠದಲ್ಲಿದೆ, ಶುಲ್ಕ ಕಟ್ಟಿದ ಆ ಅಣ್ಣಂದಿರ ಹೆಸರು ಅಲ್ಲಿಲ್ಲ. ಅವರಿಲ್ಲದಿದ್ದರೆ ಈ ಪಾಠವೂ ಬೇರೆಯವರ ಹೆಸರಿನಲ್ಲಿರುತ್ತಿತ್ತೋ ಏನೋ. ನಿಮ್ಮ ಮೊಹಲ್ಲಾದಲ್ಲಿ ತಂದೆಯಿಲ್ಲದ ಕಾರಣಕ್ಕೆ ಈ ವರ್ಷ ಶಾಲೆ ಬಿಟ್ಟ ಮಗು ಯಾವುದು? ಆ ಮನೆಯ ಬಾಗಿಲು ತಟ್ಟಿ ಒಮ್ಮೆ ವಿಚಾರಿಸಿ.