ಶಾಸ್ತ್ರವನ್ನು ಪ್ರಶ್ನಿಸಿದ ಪಂಡಿತ: ಡೇವಿಡ್ ಸ್ಟ್ರೌಸ್

ಧರ್ಮಗ್ರಂಥವನ್ನು ಓದಲು ಎರಡು ದಾರಿಗಳುಂಟು. ಭಕ್ತನು ಕೈಮುಗಿದು ಓದುತ್ತಾನೆ. ಇತಿಹಾಸಕಾರನು ಇದನ್ನು ಬರೆದವರಾರು, ಯಾವಾಗ ಬರೆದರು, ಅವರಿಗೆ ಹೇಗೆ ತಿಳಿಯಿತು ಎಂದು ಕೇಳುತ್ತ ಓದುತ್ತಾನೆ. ಈ ಎರಡು ದಾರಿಗಳು ಯುರೋಪಿನಲ್ಲಿ ಎದುರುಬದುರಾದಾಗ ದೊಡ್ಡ ವಾದವೊಂದು ಎದ್ದಿತು. ಕ್ರೈಸ್ತರ ನಾಲ್ಕು ಸುವಾರ್ತೆಗಳಲ್ಲಿರುವುದು ನಡೆದ ಸಂಗತಿಯೋ ಅಲ್ಲವೋ ಎಂಬ ಈ ವಾದದಲ್ಲಿ ಆಸ್ತಿಕರೂ ನಾಸ್ತಿಕರೂ ಇಂದಿಗೂ ಕಾದಾಡುತ್ತಿದ್ದಾರೆ. ಅದರ ನಡುವೆ ನಿಂತು ಎರಡು ಪಕ್ಷದವರಿಂದಲೂ ಏಟು ತಿಂದವನು ಜರ್ಮನಿಯ ಡೇವಿಡ್ ಫ್ರೀಡ್ರಿಕ್ ಸ್ಟ್ರೌಸ್. ಇತಿಹಾಸವನ್ನು ಐಚ್ಛಿಕ ವಿಷಯವಾಗಿ ಓದುತ್ತಿರುವ ನನಗೆ ಆತನ ಜೀವನ ಬಹಳ ಕಲಿಸಿದೆ. ಅದನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಸ್ಟ್ರೌಸನು 1808ರ ಜನವರಿ 27ರಂದು ವುರ್ಟೆಂಬರ್ಗ್ ರಾಜ್ಯದ ಲುಡ್ವಿಗ್ಸ್‌ಬರ್ಗ್ ಎಂಬ ಊರಿನಲ್ಲಿ ಹುಟ್ಟಿದನು. ತಂದೆ ವ್ಯಾಪಾರಿ, ವ್ಯಾಪಾರದಲ್ಲಿ ನಷ್ಟಪಟ್ಟವನು, ಆದರೆ ಮತಶ್ರದ್ಧೆಯಲ್ಲಿ ಕಟ್ಟಾ ಮನುಷ್ಯ. ತಾಯಿಯ ಭಕ್ತಿ ಬೇರೆ ಬಗೆಯದು. ಆಕೆಗೆ ಸಿದ್ಧಾಂತಕ್ಕಿಂತ ನಡತೆ ಮುಖ್ಯ. ಹದಿಮೂರನೆಯ ವಯಸ್ಸಿನಲ್ಲಿ ಹುಡುಗನನ್ನು ಬ್ಲೌಬಾಯ್ರೆನ್ನಿನ ಪಾದ್ರಿಗಳ ವಿದ್ಯಾಶಾಲೆಗೆ ಸೇರಿಸಿದರು. ಅಲ್ಲಿ ಫರ್ಡಿನಂಡ್ ಬೌರ್ ಎಂಬ ಮಹಾ ವಿದ್ವಾಂಸನು ಆತನಿಗೆ ಗುರುವಾಗಿ ದೊರೆತನು. 1825ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯ ಸೇರಿ, ಓದು ಮುಗಿಸಿ, ಕೆಲಕಾಲ ಹಳ್ಳಿಯೊಂದರಲ್ಲಿ ಸಹಾಯಕ ಪಾದ್ರಿಯಾಗಿದ್ದನು. ಮುಂದೆ ಮೌಲ್‌ಬ್ರಾನ್ ಎಂಬಲ್ಲಿ ಪಾಠ ಹೇಳಿದನು.

ಆ ಕಾಲದಲ್ಲಿ ಜರ್ಮನಿಯ ತರುಣರಿಗೆಲ್ಲ ಹೆಗೆಲನ ತತ್ತ್ವಜ್ಞಾನದ ಹುಚ್ಚು. ಹೆಗೆಲನ ಪಾಠ ಕೇಳಬೇಕೆಂದು ಸ್ಟ್ರೌಸನು 1831ರಲ್ಲಿ ದೂರದ ಬರ್ಲಿನ್ನಿಗೆ ಹೋದನು. ಹೋದ ಕೆಲವೇ ದಿನಗಳಲ್ಲಿ, ನವೆಂಬರ್ 14ರಂದು, ಹೆಗೆಲನು ತೀರಿಕೊಂಡನು. ಆದರೂ ಸ್ಟ್ರೌಸನು ಬರಿಗೈಯಲ್ಲಿ ಮರಳಲಿಲ್ಲ. ಶ್ಲೈಯರ್‌ಮಾಖರ್ ಎಂಬ ಪಂಡಿತನು ಯೇಸುವಿನ ಜೀವನವನ್ನು ಕುರಿತು ಮಾಡಿದ್ದ ಪಾಠಗಳ ಟಿಪ್ಪಣಿಗಳು ಅಲ್ಲಿ ಆತನ ಕೈಗೆ ಸಿಕ್ಕಿದವು. ಅವು ಆತನಿಗೆ ಒಪ್ಪಿಗೆಯಾಗಲಿಲ್ಲ. ತಾನೇ ಬರೆಯಬೇಕೆಂಬ ಹಂಬಲ ಹುಟ್ಟಿತು.

ಟ್ಯೂಬಿಂಗೆನ್ನಿಗೆ ಹಿಂತಿರುಗಿ ಕಿರಿಯ ಅಧ್ಯಾಪಕನಾಗಿದ್ದಾಗ ಸ್ಟ್ರೌಸನು ಯೇಸುವಿನ ಜೀವನದ ವಿಮರ್ಶೆಯನ್ನು ಬರೆದನು. ಎರಡು ಸಂಪುಟಗಳ ಈ ಗ್ರಂಥದ ಮೊದಲ ಸಂಪುಟ 1835ರಲ್ಲಿ ಹೊರಬಂತು. ಗ್ರಂಥಕರ್ತನಿಗೆ ಆಗ ಕೇವಲ ಇಪ್ಪತ್ತೇಳು ವರ್ಷ.

ಆತನು ಹೇಳಿದ್ದೇನೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಯೇಸುವು ಐದು ರೊಟ್ಟಿ, ಎರಡು ಮೀನುಗಳಿಂದ ಐದು ಸಾವಿರ ಜನರನ್ನು ಉಣಿಸಿದನೆಂದು ಸುವಾರ್ತೆಗಳಲ್ಲಿ ಬರುತ್ತದೆ. ಇದು ನಡೆದಂತೆಯೇ ಬರೆದ ಪವಾಡವೆಂದು ಸಂಪ್ರದಾಯಸ್ಥರು ಸಾಧಿಸುತ್ತಿದ್ದರು. ಪೌಲುಸ್ ಎಂಬ ವಿದ್ವಾಂಸನೇ ಮೊದಲಾದ ಬುದ್ಧಿವಾದಿಗಳು ಬೇರೆ ಅರ್ಥ ಹೇಳುತ್ತಿದ್ದರು. ಯೇಸುವು ತನ್ನಲ್ಲಿದ್ದುದನ್ನು ಹಂಚಿದ್ದನ್ನು ಕಂಡು ಉಳಿದವರೂ ತಮ್ಮ ಬುತ್ತಿ ಬಿಚ್ಚಿ ಹಂಚಿಕೊಂಡರು, ಅಷ್ಟೇ ಎನ್ನುವುದು ಅವರ ವಿವರಣೆ. ಸ್ಟ್ರೌಸನು ಇಬ್ಬರನ್ನೂ ಒಪ್ಪಲಿಲ್ಲ. ಮೊದಲನೆಯವರ ಮಾತು ಪ್ರಕೃತಿ ನಿಯಮಕ್ಕೆ ವಿರುದ್ಧ. ಎರಡನೆಯವರ ಮಾತು ಗ್ರಂಥದಲ್ಲೇ ಇಲ್ಲ. ಹಳೆಯ ಒಡಂಬಡಿಕೆಯನ್ನು ತೆರೆದು ನೋಡಿದರೆ ಮೋಶೆಯ ಕಾಲದಲ್ಲಿ ಮರುಭೂಮಿಯಲ್ಲಿ ಮನ್ನ ಸುರಿದ ಕಥೆಯಿದೆ. ಪ್ರವಾದಿ ಎಲೀಷನು ಇಪ್ಪತ್ತು ಜವೆಗೋದಿಯ ರೊಟ್ಟಿಗಳಿಂದ ನೂರು ಮಂದಿಯನ್ನು ಉಣಿಸಿ ಉಳಿಸಿದ ಕಥೆಯಿದೆ. ಬರಲಿರುವ ರಕ್ಷಕನು ಇವರಿಗಿಂತ ಕಡಮೆಯಾದಾನೆಯೇ? ಹೀಗೆ ಆದಿ ಕ್ರೈಸ್ತರ ನಂಬಿಕೆಯೇ, ಯಾರ ವಂಚನೆಯೂ ಇಲ್ಲದೆ, ಕಥೆಯ ರೂಪ ತಾಳಿತೆಂದು ಸ್ಟ್ರೌಸನು ವಾದಿಸಿದನು. ಇಂಥ ಪುರಾಣಕಲ್ಪನೆ ಸುಳ್ಳಲ್ಲ, ಆದರೆ ಇತಿಹಾಸವೂ ಅಲ್ಲ ಎಂಬುದೇ ಆತನ ತಿರುಳು. ಯೇಸು ಎಂಬ ಮನುಷ್ಯನೇ ಇರಲಿಲ್ಲವೆಂದು ಆತನು ಹೇಳಲಿಲ್ಲ. ಆ ಮಾತಿನವರೆಗೆ ಹೋದವನು ಬ್ರೂನೋ ಬೌವರ್ ಎಂಬ ಇನ್ನೊಬ್ಬ.

ಸುವಾರ್ತೆಗಳ ನಡುವಣ ವಿರೋಧಗಳನ್ನೂ ಆತನು ಸಾಲಾಗಿ ಪಟ್ಟಿಮಾಡಿದನು. ಮತ್ತಾಯನ ವಂಶಾವಳಿಯಲ್ಲಿ ಯೋಸೇಫನ ತಂದೆ ಯಾಕೋಬ, ಲೂಕನಲ್ಲಿ ಹೇಲಿ. ಮತ್ತಾಯನ ಪ್ರಕಾರ ಯೇಸು ಹುಟ್ಟಿದಾಗ ಹೆರೋದ ರಾಜನು ಬದುಕಿದ್ದನು; ಆತನು ಸತ್ತದ್ದು ಕ್ರಿ. ಪೂ. 4ರಲ್ಲಿ ಎಂದು ಸಾಮಾನ್ಯವಾದ ಎಣಿಕೆ. ಲೂಕನು ಹೇಳುವ ಕುರೇನ್ಯನ ಜನಗಣತಿ ಕ್ರಿ. ಶ. 6ರ ಸುಮಾರಿನದು. ಇವಕ್ಕೆ ಆಸ್ತಿಕರ ಸಮಾಧಾನಗಳಿಲ್ಲದಿಲ್ಲ. ಲೂಕನದು ಮರಿಯಳ ಕಡೆಯ ವಂಶಾವಳಿಯೆಂದೂ, ಕುರೇನ್ಯನ ಗಣತಿಗೆ ಮೊದಲು ಇನ್ನೊಂದು ಗಣತಿ ನಡೆದಿರಬೇಕೆಂದೂ ಅವರು ಹೇಳುತ್ತಾರೆ. ಇಂದಿನ ಚರ್ಚೆಗಳಲ್ಲಿಯೂ ಕೇಳಿಬರುವುದು ಬಹುಮಟ್ಟಿಗೆ ಇದೇ ಪ್ರಶ್ನೆ, ಇದೇ ಉತ್ತರ.

ಪುಸ್ತಕ ಹೊರಬಿದ್ದದ್ದೇ ತಡ, ಜರ್ಮನಿಯಲ್ಲೆಲ್ಲ ಕೋಲಾಹಲವಾಯಿತು. ಸ್ಟ್ರೌಸನು ಟ್ಯೂಬಿಂಗೆನ್ನಿನ ಕೆಲಸ ಕಳೆದುಕೊಂಡನು. ಹುಟ್ಟೂರಿನ ಶಾಲೆಗೆ ವರ್ಗವಾಗಿ, ತಂದೆಯ ಸಿಟ್ಟಿನೆದುರು ಬಾಳಬೇಕಾಯಿತು. ತಾಯಿ ಮಾತ್ರ ಮಗನ ಕೈ ಬಿಡಲಿಲ್ಲ. ಮರುವರ್ಷವೇ ಆ ಕೆಲಸವನ್ನೂ ಬಿಟ್ಟು ಆತನು ಲೇಖನವೃತ್ತಿಯನ್ನು ನೆಚ್ಚಿಕೊಂಡನು.

ಈ ಗದ್ದಲದ ನಡುವೆ ನಡೆದ ಒಂದು ಪ್ರಸಂಗವನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಈ ಗ್ರಂಥವನ್ನು ನಿಷೇಧಿಸಬೇಕೇ ಎಂದು ಪ್ರಷ್ಯದ ಸರ್ಕಾರವು ಬರ್ಲಿನ್ನಿನ ನೇಯಾಂಡರ್ ಎಂಬ ಪ್ರಾಧ್ಯಾಪಕನನ್ನು ಕೇಳಿತು. ನೇಯಾಂಡರನು ಯೆಹೂದ್ಯ ಕುಲದಲ್ಲಿ ಹುಟ್ಟಿ ಕ್ರೈಸ್ತನಾದವನು, ಪರಮ ಆಸ್ತಿಕ, ಸ್ಟ್ರೌಸನ ಸಿದ್ಧಾಂತಕ್ಕೆ ಪೂರ್ಣ ವಿರೋಧಿ. ಆದರೂ ನಿಷೇಧ ಕೂಡದೆಂದು ಆತನು ಸಲಹೆಯಿತ್ತನು. ವಾದಕ್ಕೆ ವಾದದಿಂದಲೇ ಉತ್ತರ ಕೊಡಬೇಕೆಂಬುದು ಆತನ ನಿಲುವು. ಅಷ್ಟು ಹೇಳಿ ಸುಮ್ಮನಾಗದೆ 1837ರಲ್ಲಿ ತಾನೇ ಯೇಸುವಿನ ಚರಿತ್ರೆಯನ್ನು ಬರೆದು ಪ್ರಕಟಿಸಿದನು. ಶ್ರದ್ಧೆಯಿದ್ದವನ ಧೈರ್ಯವೆಂದರೆ ಇದು.

ಎಲ್ಲರೂ ನೇಯಾಂಡರ್ ಆಗಿರಲಿಲ್ಲ. 1839ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಸರ್ಕಾರವು ಸ್ಟ್ರೌಸನನ್ನು ಮತಶಾಸ್ತ್ರದ ಪ್ರಾಧ್ಯಾಪಕನಾಗಿ ನೇಮಿಸಿತು. ಹಳ್ಳಿ ಹಳ್ಳಿಗಳಲ್ಲಿ ಜನ ಸಭೆ ಸೇರಿದರು. ನೇಮಕದ ವಿರುದ್ಧ 39,000ಕ್ಕೂ ಹೆಚ್ಚು ಮತಗಳು ಬಿದ್ದವು; ಪರವಾಗಿ ಸಾವಿರದ ಚಿಲ್ಲರೆ ಮಾತ್ರ. ಒಂದು ದಿನದ ಪಾಠವನ್ನೂ ಹೇಳುವ ಮೊದಲೇ ಆತನಿಗೆ ವರ್ಷಕ್ಕೆ 1,000 ಫ್ರಾಂಕುಗಳ ವಿಶ್ರಾಂತಿ ವೇತನ ಗೊತ್ತುಮಾಡಿ ಬಿಟ್ಟುಬಿಟ್ಟರು. ಜನರ ಕೋಪ ಅಷ್ಟಕ್ಕೇ ಆರಲಿಲ್ಲ. ಸೆಪ್ಟೆಂಬರ್ 6ರಂದು ರೈತರು ಪಾದ್ರಿಯೊಬ್ಬನ ಮುಂದಾಳುತನದಲ್ಲಿ ನಗರಕ್ಕೆ ನುಗ್ಗಿದರು, ಹಲವರು ಸತ್ತರು, ಸರ್ಕಾರವೇ ಉರುಳಿತು. ಸ್ಟ್ರೌಸನ ನೇಮಕವೊಂದೇ ಇದಕ್ಕೆ ಕಾರಣವಲ್ಲ; ನಗರದ ಹೊಸ ಸುಧಾರಣೆಗಳ ಮೇಲೆ ಹಳ್ಳಿಗರಿಗಿದ್ದ ಅಸಮಾಧಾನವೂ ಅದರೊಂದಿಗೆ ಕೂಡಿಕೊಂಡಿತ್ತು. ತಮ್ಮನ್ನು ಕೇಳದೆ, ತಮಗೆ ತಿಳಿಸಿ ಹೇಳದೆ, ಕಲಿತವರು ತಮ್ಮ ಮಕ್ಕಳ ಮತವನ್ನು ತಿದ್ದಹೊರಟರೆಂದು ಆ ರೈತರು ತಿಳಿದರು.

ಮುಂದಿನ ಬಾಳು ನೆಮ್ಮದಿಯದಾಗಲಿಲ್ಲ. ಗ್ರಂಥದ ಮೂರನೆಯ ಮುದ್ರಣದಲ್ಲಿ ಸ್ಟ್ರೌಸನು ಎದುರಾಳಿಗಳಿಗೆ ಸ್ವಲ್ಪ ಬಿಟ್ಟುಕೊಟ್ಟನು. 1840ರ ನಾಲ್ಕನೆಯ ಮುದ್ರಣದಲ್ಲಿ ಅದನ್ನು ಹಿಂತೆಗೆದುಕೊಂಡನು. 1842ರಲ್ಲಿ ಆಗ್ನೆಸೆ ಶೆಬೆಸ್ಟ್ ಎಂಬ ಪ್ರಸಿದ್ಧ ಗಾಯಕಿಯನ್ನು ಮದುವೆಯಾದನು; ಎರಡು ಮಕ್ಕಳಾದ ಮೇಲೆ ಗಂಡಹೆಂಡಿರು ಬೇರೆಯಾದರು. 1846ರಲ್ಲಿ ಆತನ ಗ್ರಂಥ ಇಂಗ್ಲಿಷಿಗೆ ಬಂತು. ಅನುವಾದಿಸಿದ ಮೇರಿ ಆನ್ ಇವಾನ್ಸ್ ಎಂಬ ತರುಣಿಯೇ ಮುಂದೆ ಜಾರ್ಜ್ ಎಲಿಯಟ್ ಎಂಬ ಹೆಸರಿನಿಂದ ಖ್ಯಾತ ಕಾದಂಬರಿಕಾರ್ತಿಯಾದಳು. ಕಡೆಗಾಲದಲ್ಲಿ, 1872ರಲ್ಲಿ, ಹಳೆಯ ಮತ್ತು ಹೊಸ ಶ್ರದ್ಧೆಗಳನ್ನು ಕುರಿತು ಬರೆದ ಪುಸ್ತಕದಲ್ಲಿ ತಾನಿನ್ನು ಕ್ರೈಸ್ತನಲ್ಲವೆಂದು ಸ್ಟ್ರೌಸನು ಬಿಚ್ಚಿ ಹೇಳಿದನು. ಈ ಸಲ ಆಸ್ತಿಕರಷ್ಟೇ ಅಲ್ಲ, ದೇವರನ್ನು ನಂಬದ ನೀಟ್ಷೆಯೂ ಅದನ್ನು ಕಟುವಾಗಿ ಹೀಯಾಳಿಸಿದನು. 1874ರ ಫೆಬ್ರುವರಿ 8ರಂದು ಸ್ಟ್ರೌಸನು ಹುಟ್ಟೂರಿನಲ್ಲೇ ಕಣ್ಣುಮುಚ್ಚಿದನು. ಆತನ ಇಚ್ಛೆಯಂತೆ ಅಂತ್ಯಕ್ರಿಯೆಯಲ್ಲಿ ಪಾದ್ರಿಗಳಿರಲಿಲ್ಲ.

ಈ ಕಥೆಗೂ ನಮ್ಮ ನಾಡಿಗೂ ನಂಟುಂಟು. ಮಂಗಳೂರಿನಲ್ಲಿ 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಓದಿದ್ದು ಇದೇ ಟ್ಯೂಬಿಂಗೆನ್ನಿನಲ್ಲಿ. ಮಲೆಯಾಳಂ ನಿಘಂಟುಕಾರ ಹರ್ಮನ್ ಗುಂಡರ್ಟ್ ಮೌಲ್‌ಬ್ರಾನಿನಲ್ಲಿ ಸ್ಟ್ರೌಸನ ಶಿಷ್ಯನೇ ಆಗಿದ್ದವನು. ಗುರುವಿನ ಸಂಶಯ ಆತನನ್ನೂ ಕೆಲಕಾಲ ಕಾಡಿತು. ಆಮೇಲೆ ನಂಬಿಕೆಗೆ ಮರಳಿ ಮಿಷನರಿಯಾಗಿ ನಮ್ಮ ಕರಾವಳಿಗೆ ಬಂದನು. ಒಂದೇ ವಿದ್ಯೆಯ ಮನೆಯಿಂದ ಒಬ್ಬನು ಸಂಶಯದ ಕಡೆಗೂ ಮತ್ತೊಬ್ಬನು ಶ್ರದ್ಧೆಯ ಕಡೆಗೂ ನಡೆದನು. ಇಬ್ಬರೂ ಓದಿಯೇ ನಡೆದರು.

ಸ್ಟ್ರೌಸನು ಹೇಳಿದ್ದೆಲ್ಲವೂ ನಿಂತಿಲ್ಲ. ನಾಲ್ಕು ಸುವಾರ್ತೆಗಳಲ್ಲಿ ಯಾವುದು ಮೊದಲಿನದೆಂದು ಸರಿಯಾಗಿ ಶೋಧಿಸದೆ ಕಥೆಗಳನ್ನಷ್ಟೇ ವಿಮರ್ಶಿಸಿದನೆಂಬುದು ಗುರು ಬೌರನದೇ ಆಕ್ಷೇಪ. ಮಾರ್ಕನ ಸುವಾರ್ತೆಯೇ ಮೊದಲಿನದೆಂದು 1838ರಲ್ಲಿ ಬೇರೆ ವಿದ್ವಾಂಸರು ತೋರಿಸಿದರು. ಇಂದು ಬಹುಮಂದಿ ಅದನ್ನು ಒಪ್ಪುತ್ತಾರೆ. ಬೌರನೂ ತಪ್ಪಿದ್ದುಂಟು. ಯೋಹಾನನ ಸುವಾರ್ತೆ ಕ್ರಿ. ಶ. 170ರ ಸುಮಾರಿನದೆಂದು ಆತನು ಹೇಳಿದ್ದನು. ಈಜಿಪ್ಟಿನಲ್ಲಿ ದೊರೆತು 1935ರಲ್ಲಿ ಪ್ರಕಟವಾದ ಪಪೈರಸ್ ಚೂರೊಂದು, ಆ ಸುವಾರ್ತೆ ಅದಕ್ಕೂ ಹಳೆಯದಿರಬೇಕೆಂದು ಅನೇಕರಿಗೆ ಮನವರಿಕೆ ಮಾಡಿಕೊಟ್ಟಿತು. ಉತ್ತರಗಳು ಹೀಗೆ ಬದಲಾಗುತ್ತ ಬಂದರೂ ಪ್ರಶ್ನೆ ಕೇಳುವ ಹಕ್ಕನ್ನು ಯಾರೂ ಅಳಿಸಲಾಗಲಿಲ್ಲ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಕಲಿತ ಮಗ ತಮ್ಮ ದೇವರನ್ನು ಕಂಡು ನಕ್ಕಾನೆಂಬ ಅಳುಕು ಮನೆಯ ಹಿರಿಯರಲ್ಲಿ ಇದ್ದೇ ಇದೆ. ನಮ್ಮಲ್ಲಿ ಅನೇಕರ ಮನೆಗಳಲ್ಲಿಯೂ ಇದ್ದೀತು. ಕೇಳಬಾರದೆಂದರೆ ನಾವು ಕಲಿತದ್ದಕ್ಕೆ ಅರ್ಥವಿಲ್ಲ; ಕೇಳುವ ರೀತಿ ತಿಳಿಯದಿದ್ದರೆ ಜ್ಯೂರಿಕ್ಕಿನ ಹಳ್ಳಿಗರ ಕೋಪವೇ ನಮಗೆ ಗತಿ. ಸ್ಟ್ರೌಸನು ತನ್ನ ಮಗಳಿಗಾಗಿ ತಾಯಿಯ ಸ್ಮರಣೆಯನ್ನು ಬರೆದಿಟ್ಟನು. ಬರೆದದ್ದು ಮಗಳು ಚರ್ಚಿನಲ್ಲಿ ಮತದೀಕ್ಷೆ ಪಡೆದ ಸಂದರ್ಭಕ್ಕೆಂದು. ಶಾಸ್ತ್ರವನ್ನು ಅಷ್ಟು ನಿಷ್ಠುರವಾಗಿ ಒರೆಗೆ ಹಚ್ಚಿದವನು ಹೆತ್ತವಳ ಸರಳ ಭಕ್ತಿಯನ್ನು ಕೀಳ್ಗಳೆಯಲಿಲ್ಲ. ಆತನಿಂದ ಪ್ರಶ್ನೆ ಕೇಳುವುದನ್ನೂ, ನೇಯಾಂಡರನಿಂದ ಪ್ರಶ್ನೆಯನ್ನು ಸಹಿಸಿ ಉತ್ತರಿಸುವುದನ್ನೂ ಕಲಿತರೆ ನಮ್ಮ ಪದವಿಗೆ ಬೆಲೆ ಬಂದೀತು.